ತವರಿನ ಫರ್ಸಿಗೆ ಮಾಸ್ತರ ಆ್ಯಸಿಡ್

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದ ನನಗೆ ನನ್ನದೇ ಮನೆಯಲ್ಲಿ ಆ್ಯಸಿಡ್ ಬಾಟಲಿ ಮುಟ್ಟುವ ಅಧಿಕಾರವಿಲ್ಲ. ಈ ಆಜ್ಞೆ ಜಾರಿಯಾದದ್ದು ಹೋದ ನಾಗರ ಪಂಚಮಿ ಹಬ್ಬದ ದಿನ. ಜಾರಿ ಮಾಡಿದವರು ನನ್ನ ಧರ್ಮಪತ್ನಿ ಶ್ರೀಮತಿ ಮಹಾನಂದಾ. ಉಳಿದ ಒಂದೂವರೆ ಬಾಟಲಿ ಈಗ ಬಚ್ಚಲಮನೆಯ ಅಟ್ಟದ ಮೇಲಿದೆ, ಏಣಿ ಅವಳ ಸುಪರ್ದಿಯಲ್ಲಿದೆ. ತಪ್ಪು ಯಾರದೆಂದು ನೀವೇ ತೀರ್ಮಾನಿಸಿ. ನಾನು ನಡೆದದ್ದನ್ನು ನಡೆದ ಹಾಗೆ, ವಿಜ್ಞಾನಿಗೆ ತಕ್ಕ ನಿರ್ಲಿಪ್ತ ಭಾವದಿಂದ ವರದಿ ಮಾಡುತ್ತೇನೆ.

ಮೊದಲು ಈಜುಕೊಳದ ಸಂಗತಿ. ನವಲಗುಂದದ ಹೊರಗೆ ಹೊಲದಲ್ಲಿ ಮನೆ ಕಟ್ಟಿಕೊಂಡಿದ್ದೇವೆ. ನನ್ನ ಮೊಣಕಾಲು ಎರಡೂ ಒಟ್ಟಿಗೇ ನಿವೃತ್ತಿ ಬೇಡಿದಾಗ ಹುಬ್ಬಳ್ಳಿಯ ಡಾಕ್ಟರು, "ಈಜ್ರಿ ಮಾಸ್ತರ, ಅದಕ್ಕಿಂತ ದೊಡ್ಡ ಔಷಧ ಇಲ್ಲ" ಎಂದರು. ಹೇಳಿದಷ್ಟು ಸುಲಭವೇ? ನಮ್ಮ ಕಡೆ ಕಣ್ಣು ಹಾಯಿಸಿದಷ್ಟೂ ಎರೆಭೂಮಿ. ಈಜಬೇಕೆಂದರೆ ಇರುವುದು ಕಾಲುವೆ ಒಂದೇ, ಅಲ್ಲಿ ಎಮ್ಮೆಗಳಿಗೆ ಮೊದಲ ಪಾಳಿ. ಎರಡು ದಿನ ಹೋದೆ. ದಂಡೆಯ ಮೇಲೆ ಬಟ್ಟೆ ಒಗೆಯುತ್ತಿದ್ದ ನನ್ನ ಹಳೆಯ ವಿದ್ಯಾರ್ಥಿನಿಯರೆಲ್ಲ ಎದ್ದು ನಿಂತು "ನಮಸ್ಕಾರ್ರಿ ಸರ್ರ" ಅಂದರು. ಚಡ್ಡಿಯಲ್ಲಿ ನಿಂತು ಆಶೀರ್ವಾದ ಮಾಡುವುದು ನನ್ನಿಂದಾಗಲಿಲ್ಲ.

ಹಾಗಾಗಿ ಮನೆಯ ಹಿಂದೆಯೇ ಇಪ್ಪತ್ತಡಿ ಉದ್ದ, ಹನ್ನೆರಡಡಿ ಅಗಲದ ಈಜುಕೊಳ ಕಟ್ಟಿಸಿದೆ. ನಾನು ಅದನ್ನು 'ಸ್ವಿಮ್ಮಿಂಗ್ ಪೂಲ್' ಎನ್ನುತ್ತೇನೆ. ಊರವರು 'ಮಾಸ್ತರ ಹೊಂಡ' ಎನ್ನುತ್ತಾರೆ. ಮಹಾನಂದಾ 'ನಿಮ್ಮ ಹೊಂಡ' ಎನ್ನುತ್ತಾಳೆ. ('ನಿಮ್ಮ' ಎನ್ನುವಲ್ಲಿ ಒತ್ತು ಎಷ್ಟಿರುತ್ತದೆಂದರೆ ಹೊಂಡ ಕೇಳಿಸುವುದೇ ಇಲ್ಲ.)

ಹೊಂಡದ ಸುತ್ತ ದಂಡೆಗೆ ಇಪ್ಪತ್ನಾಲ್ಕು ಶಹಾಬಾದಿ ಫರ್ಸಿಕಲ್ಲು, ಎಂದರೆ ನೆಲಕ್ಕೆ ಹಾಸುವ ಚಪ್ಪಡಿ, ತರಿಸಿದೆ. ಜೋಡಿಸಿದವನು ಗೌಂಡಿ ಮಾಂತೇಶ. ಇವನೂ ನನ್ನ ವಿದ್ಯಾರ್ಥಿಯೇ. ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನ ಪತ್ರಿಕೆಯನ್ನು ನಾಲ್ಕು ಸಲ ಬರೆದು, ಐದನೆಯ ಸಲ ನನ್ನ ಮೇಲೆ ಕರುಣೆ ತೋರಿ ಬಿಟ್ಟುಕೊಟ್ಟವನು. ಕಲ್ಲು ಇಳಿಸುವಾಗ ಒಂದು ಒಡೆಯಿತು. ಒಂದು ಕಲ್ಲಿಗಾಗಿ ಮತ್ತೆ ಗಾಡಿ ತರಿಸುವುದೇ ಎಂದು ನಾನು ತಲೆ ಕೆರೆದುಕೊಳ್ಳುವಾಗ ಹಿತ್ತಲಿನ ಗೋಡೆಗೆ ಒರಗಿಸಿಟ್ಟಿದ್ದ ಒಂದು ಕಲ್ಲು ಕಣ್ಣಿಗೆ ಬಿತ್ತು. ಅಳತೆ ಅಗದಿ ಸರಿಯಾಗಿತ್ತು.

ಅದು ಮಹಾನಂದಾಳ ತವರುಮನೆಯ ಕಲ್ಲು. ಯರಗುಪ್ಪಿಯಲ್ಲಿದ್ದ ಅವರ ಮನೆಯನ್ನು ಅವಳ ಅಣ್ಣ ಮಾರಿ ಹುಬ್ಬಳ್ಳಿಯಲ್ಲಿ ಮೂರನೆಯ ಮಹಡಿಯ ಮನೆ ಸೇರಿದಾಗ, ಅಕ್ಕ ಮಹಾದೇವಕ್ಕ ತಾಮ್ರದ ಹಂಡೆ ತೆಗೆದುಕೊಂಡಳು, ತಂಗಿ ಅಮೃತಾ ಬಾಗಿಲ ಮೇಲಿನ ಪಟ್ಟಿಯನ್ನು. ಮಹಾನಂದಾ ಕೇಳಿದ್ದು ಪಡಸಾಲೆಯ ಈ ಒಂದು ಫರ್ಸಿಯನ್ನು. ಅದರ ಮೇಲೆ ಅವರವ್ವ ಕುಡುಗೋಲಿನ ತುದಿಯಿಂದ ಗೀರಿದ ಕವಡೆಯಾಟ ಚೌಕಾಬಾರದ ಮನೆಗಳಿದ್ದವು. ಪಂಚಮಿಯ ದಿನ ಮೂರು ಹೆಣ್ಣುಮಕ್ಕಳು ಜೋಕಾಲಿಗಾಗಿ ಜಡೆ ಹಿಡಿದು ಜಗ್ಗಾಡುತ್ತಿದ್ದಾಗ, ಸುಮ್ಮನಾದರೆ ಸಾಕೆಂದು ಆಕೆ ಗೀರಿದ್ದಂತೆ. ಅವ್ವ ಹೋಗಿ ಹನ್ನೆರಡು ವರ್ಷವಾಯಿತು.

"ಹೊಂಡದ ಮೆಟ್ಟಲ ಬಾಜೂಕ ಕೂಡಸ್ತೀನಿ, ಮಾನದ ಜಾಗಾ. ನೀ ಅದರ ಮ್ಯಾಲ ಕುಂತು ನೀರಾಗ ಕಾಲ ಬಿಡು" ಎಂದೆ. ಅವಳು ಬಹಳ ಹೊತ್ತು ನನ್ನ ಮುಖ ನೋಡಿ, "ಜ್ವಾಕಿ" ಎಂದಷ್ಟೇ ಹೇಳಿ ಕೊಟ್ಟಳು.

ಈಗ ನೀರಿನ ಸಂಗತಿ. ನಮ್ಮ ಬೋರಿನ ನೀರು ಸವಳು. ಒಂದು ಕೊಡ ಕಾಯಿಸಿದರೆ ಹಂಡೆಯ ತಳದಲ್ಲಿ ಅರ್ಧ ಸುಣ್ಣದ ಭಟ್ಟಿ ನಿಲ್ಲುತ್ತದೆ. ನಾನು ಹೊಂಡದಲ್ಲಿ ಕೈಕಾಲು ಬಡಿದಾಗಲೆಲ್ಲ ನೀರು ದಂಡೆಗೆ ಚಿಮ್ಮುವುದು, ಬಿಸಿಲಿಗೆ ಆರುವುದು, ಬಿಳಿ ಕಲೆ ಬಿಟ್ಟುಹೋಗುವುದು. ಒಂದೂವರೆ ವರ್ಷದಲ್ಲಿ ಕಪ್ಪು ಫರ್ಸಿ ಬೆಳ್ಳಗಾಯಿತು. ಮೆಟ್ಟಿಲ ಪಕ್ಕದಲ್ಲಂತೂ ಬಿಳಿಯ ಪದರು ಹಪ್ಪಳದಷ್ಟು ದಪ್ಪಗಟ್ಟಿ ಚೌಕಾಬಾರದ ಮನೆಗಳು ಪೂರ್ತಿ ಮುಚ್ಚಿಹೋದವು. ಮಹಾನಂದಾ ಒಂದೆರಡು ಸಲ ಇಟ್ಟಂಗಿಪುಡಿ ಹಾಕಿ ತಿಕ್ಕಿದಳು. ಪದರು ಜಗ್ಗಲಿಲ್ಲ.

ಹೀಗಿರುವಾಗ ಪಂಚಮಿಗೆ ಹತ್ತು ದಿನ ಮೊದಲು ಮಹಾದೇವಕ್ಕನ ಫೋನು ಬಂತು.

"ದೇವಿಕೊಪ್ಪದಿಂದ ಅಕ್ಕ, ಅಣ್ಣಿಗೇರಿಂದ ಅಮೃತಾ, ಇಬ್ಬರೂ ಪಂಚಮಿಗೆ ಇಲ್ಲಿಗೇ ಬರ್ತಾರಂತ್ರಿ" ಎಂದಳು ಮಹಾನಂದಾ, ಫೋನು ಕೆಳಗಿಟ್ಟು.

"ಇಲ್ಲಿಗ್ಯಾಕ? ಪಂಚಮಿಗೆ ಹೆಣ್ಣಮಕ್ಕಳು ತವರಿಗೆ ಹೋಗಬೇಕಲ್ಲ?"

"ಎಲ್ಲೈತ್ರಿ ತವರು? ಅಣ್ಣನ ಮನ್ಯಾಗ ಜೋಕಾಲಿ ಕಟ್ಟಿದ್ರ ಕೆಳಗಿನ ಮನಿಯವರ ಬಾಲ್ಕನ್ಯಾಗ ಇಳೀಬೇಕಾಗತೈತಿ. ನಮ್ಮ ಮೂರೂ ಮಂದಿಗೆ ತವರಮನಿ ಅಂದ್ರ ಈಗ ಉಳದದ್ದು ಆ ಕಲ್ಲ ಒಂದ. ಅದರ ಮ್ಯಾಲ ಕುಂತು ಚೌಕಾಬಾರಾ ಆಡ್ತೀವಿ ಅಂದಾಳ ಅಕ್ಕ." ಸೆರಗಿನಿಂದ ಕಣ್ಣು ಒರೆಸಿಕೊಂಡು, ತಕ್ಷಣವೇ ಧ್ವನಿ ಬದಲಿಸಿದಳು. "ಆ ಕಲ್ಲ ನಿಮ್ಮ ಹೊಂಡದಾಗಿನ ಹೊಲಸ ನೀರಿನಿಂದ ಸುಣ್ಣದ ಗೋಡಿ ಆಗೈತಿ. ಏನ ಮಾಡ್ತೀರಿ ಈಗ?"

ಇಷ್ಟು ದಿನ ಯಾರೂ ನನ್ನ ವಿದ್ಯೆಯನ್ನು ಕೇಳಿರಲಿಲ್ಲ. ನಾನು ಎದೆಯುಬ್ಬಿಸಿದೆ.

"ಅದಕ್ಕ ಪ್ರಯೋಗ ಒಂದ ದಾರಿ" ಎಂದೆ. "ಈ ಬಿಳಿ ಪದರು ಕ್ಯಾಲ್ಸಿಯಂ ಕಾರ್ಬೊನೇಟು. ಅದರ ಮ್ಯಾಲ ಹೈಡ್ರೋಕ್ಲೋರಿಕ್ ಆ್ಯಸಿಡ್ ಹಾಕಿದ್ರ ಬುಸ್ ಅಂತ ಕರಗಿ ಹೋಗತೈತಿ. ಒಂಬತ್ತನೇ ಇಯತ್ತೆ ಪಾಠ."

"ಆ್ಯಸಿಡ್ಡಾ? ಫರ್ಸಿ ಮ್ಯಾಲಾ?" ಮಹಾನಂದಾ ಸೊಂಟಕ್ಕೆ ಕೈಯಿಟ್ಟಳು. "ಅಲ್ರೀ, ಅಡಗಿಮನಿ ಕಟ್ಟಿ ಮ್ಯಾಲ ಒಂದ ಹನಿ ಲಿಂಬಿಹಣ್ಣಿನ ರಸ ಬಿದ್ರ ಬೆಳ್ಳಗ ಕಲಿ ಬೀಳತೈತಿ, ಏನ ಮಾಡಿದ್ರೂ ಹೋಗೂದಿಲ್ಲ. ಹುಣಸಿಹಣ್ಣು ಸುದ್ದಾ ಫರ್ಸಿಗೆ ತಾಕಸಬ್ಯಾಡ ಅಂತ ನಮ್ಮವ್ವ ಹೇಳ್ತಿದ್ಲು. ನೀವು ನೋಡಿದ್ರ ಆ್ಯಸಿಡ್ ಅಂತೀರಿ."

"ಲಿಂಬಿಹಣ್ಣಿನಾಗ ಇರೂದು ಸಿಟ್ರಿಕ್. ನಾ ಹೇಳೂದು ಹೈಡ್ರೋಕ್ಲೋರಿಕ್. ಎರಡನ್ನೂ ಕಲಸಬ್ಯಾಡ."

"ನಾ ಏನೂ ಕಲಸಾಕತ್ತಿಲ್ರಿ. ಹುಳಿ ಹುಳಿನ."

"ಅಡಗಿಮನಿ ಜ್ಞಾನ ಬ್ಯಾರೆ, ಪ್ರಯೋಗಶಾಲೆ ಜ್ಞಾನ ಬ್ಯಾರೆ, ಮಹಾನಂದಾ."

ಅವಳು ಏನೂ ಮಾತಾಡಲಿಲ್ಲ. ಮೂವತ್ನಾಲ್ಕು ವರ್ಷದ ಸಂಸಾರದಲ್ಲಿ ವಾದದ ನಡುವೆ ಅವಳು ಬಾಯಿ ಮುಚ್ಚಿದ್ದು ಅದೇ ಮೊದಲು. ನಾನು ಅದನ್ನು ವಿಜ್ಞಾನದ ವಿಜಯವೆಂದು ದಾಖಲಿಸಿಕೊಂಡೆ.

ಮರುದಿನ ಬೆಳಗಿನ ಬಸ್ಸಿಗೆ ಹುಬ್ಬಳ್ಳಿಗೆ ಹೋದೆ. ಆ್ಯಸಿಡ್ ನವಲಗುಂದದಲ್ಲೂ ಸಿಗುತ್ತದೆ, ಆದರೆ ಮಹತ್ವದ ಪ್ರಯೋಗಕ್ಕೆ ಊರ ಅಂಗಡಿಯ ನೀರು ಬೆರೆತ ಮಾಲು ನಡೆಯುವುದಿಲ್ಲ ಎನ್ನುವುದು ನನ್ನ ನಿಲುವು. "ಬರೂದು ಎಷ್ಟೊತ್ತಾಗತೈತಿ?" ಎಂದು ಮಹಾನಂದಾ ಎಂದೂ ಇಲ್ಲದ ಕಕ್ಕುಲಾತಿಯಿಂದ ಕೇಳಿದಳು. ಸಂಜೆಯಾಗುತ್ತದೆ ಎಂದೆ. "ಸಾವಕಾಶ ಬರ್ರಿ" ಎಂದು ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟಳು. ನನ್ನ ಕಣ್ಣು ತುಂಬಿ ಬಂತು. ಗಂಡನ ವಿದ್ಯೆಗೆ ಕಡೆಗೂ ಬೆಲೆ ಬಂತಲ್ಲ ಎಂದುಕೊಂಡು ಬಸ್ಸಿನಲ್ಲಿ ಎರಡು ರೊಟ್ಟಿ ಹೆಚ್ಚಿಗೆ ತಿಂದೆ.

ಪ್ರಯೋಗ ನಡೆದದ್ದು ಪಂಚಮಿಗೆ ನಾಲ್ಕು ದಿನ ಮೊದಲು. ಹೊಂಡದ ನೀರು ಒಂದಡಿ ಇಳಿಸಿದೆ. ಸುರಕ್ಷತೆಯ ವಿಷಯದಲ್ಲಿ ನಾನು ಕಟ್ಟುನಿಟ್ಟು. ರೇನ್‌ಕೋಟು, ರಬ್ಬರ್ ಕೈಗವಸು, ಗಮ್‌ಬೂಟು, ಮುಖಕ್ಕೆ ಸ್ಕೂಟರಿನ ಹೆಲ್ಮೆಟ್ಟು ಹಾಕಿಕೊಂಡೆ. ಬೇಲಿಯಾಚೆ ಹತ್ತಿ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಜುಲೇಖಾಬಿ ಎದ್ದು ನಿಂತು, "ಮಾಸ್ತರ, ಎಲ್ಲಿ ಹೊಂಟೀರಿ, ಚಂದ್ರಲೋಕಕ್ಕೇನ್ರಿ?" ಎಂದು ಕೂಗಿದಳು. ನಾನು ಗಂಭೀರವಾಗಿ ಕೈ ಬೀಸಿದೆ.

ಮೊದಲ ಕಲ್ಲಿನ ಮೇಲೆ ಆ್ಯಸಿಡ್ ಬಿದ್ದದ್ದೇ ತಡ, ಬುಸ್ಸೆಂದು ನೊರೆ ಎದ್ದಿತು. ಆಹಾ! ನಿವೃತ್ತಿಯಾದಂದಿನಿಂದ ಇಂಥ ಆನಂದ ಕಂಡಿರಲಿಲ್ಲ. ಬಿಳಿ ಪದರು ಬೆಣ್ಣೆಯ ಹಾಗೆ ಕರಗಿತು, ಕಪ್ಪು ಕಲ್ಲು ಕಂಡಿತು. ಆದರೆ ಪದರು ಹೋದ ಮೇಲೂ ಗುಳ್ಳೆ ನಿಲ್ಲಲಿಲ್ಲ. ಇದು ಬಹಳ ಹಠಮಾರಿ ಕಲೆ ಎಂದು ಇನ್ನೂ ಒಂದಿಷ್ಟು ಸುರಿದೆ. ಗುಳ್ಳೆ ಇನ್ನೂ ಜೋರಾಯಿತು. ನಾನೇನು ಸೋಲುವವನೇ? ಮತ್ತೂ ಸುರಿದೆ. ಹೀಗೆ ಒಂದೊಂದೇ ಕಲ್ಲನ್ನು ಮುಗಿಸುತ್ತ ಮೆಟ್ಟಿಲ ಹತ್ತಿರ ಬಂದೆ. ತವರಿನ ಕಲ್ಲಿಗೆ ಮಾತ್ರ ವಿಶೇಷ ಸೇವೆ. ಮೊಣಕಾಲೂರಿ ಕುಳಿತು, ಅರಳೆಯ ಉಂಡೆ ಅದ್ದಿ ಅದ್ದಿ, ಶಿಶುವಿಗೆ ಎಣ್ಣೆ ಹಚ್ಚುವಂತೆ ಹಚ್ಚಿದೆ. ಎಲ್ಲ ಮುಗಿಸಿ ನೀರು ಹೊಡೆದು, ಬಿಸಿಲಿಗೆ ಬಿಟ್ಟು ಚಹಾ ಕುಡಿಯಲು ಹೋದೆ.

ಬಂದು ನೋಡುತ್ತೇನೆ, ಇಪ್ಪತ್ನಾಲ್ಕೂ ಕಲ್ಲು ಬೂದಿ ಬಳಿದುಕೊಂಡು ಕುಳಿತಿವೆ! ಮೊದಲು ಬಿಳಿ ಇದ್ದದ್ದು ಕಲ್ಲಿನ ಮೇಲೆ, ಈಗ ಕಲ್ಲೇ ಬಿಳಿ. ನುಣುಪು ಹೋಗಿ ಮೈಯೆಲ್ಲ ರೊಟ್ಟಿಯ ಹೆಂಚಿನಂತೆ ತರಿತರಿ. ಗಣಪನ್ನ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ.

ಅದೂ ಹೋಗಲಿ. ತವರಿನ ಕಲ್ಲಿನ ಮುಂದೆ ಕುಳಿತು ಕನ್ನಡಕ ಹಾಕಿ ನೋಡಿದೆ. ತೆಗೆದು ನೋಡಿದೆ. ಬೆರಳು ಆಡಿಸಿದೆ. ಚೌಕಾಬಾರ ಇಲ್ಲ! ಒಂದು ಗೆರೆಯೂ ಇಲ್ಲ! ಅವ್ವ ಗೀರಿದ ಮನೆಗಳನ್ನು ನಾನು ಆ್ಯಸಿಡ್ಡಿನಲ್ಲಿ ಕರಗಿಸಿ ಹೊಂಡಕ್ಕೆ ಹರಿಸಿಬಿಟ್ಟಿದ್ದೆ.

ವರದಿಯಲ್ಲಿ ಭಾವನೆಗಳಿಗೆ ಸ್ಥಾನವಿಲ್ಲ, ಆದರೂ ಹೇಳುತ್ತೇನೆ: ಮೂರು ಹೆಣ್ಣುಮಕ್ಕಳಿಗೆ ಉಳಿದಿದ್ದ ತವರು ಅದೊಂದೇ. ಅದನ್ನು ಒರೆಸಿ ಹಾಕಿದವನು ನಾನು.

ಇಲ್ಲಿ ಒಬ್ಬ ಮರ್ಯಾದಸ್ಥ ಏನು ಮಾಡುತ್ತಿದ್ದ? ಹೆಂಡತಿಯ ಮುಂದೆ ಹೋಗಿ ತಪ್ಪೊಪ್ಪಿಕೊಳ್ಳುತ್ತಿದ್ದ. ನಾನು ಹೋಗಿ ಮೊಳೆ, ಸುತ್ತಿಗೆ, ಅಟ್ಟದ ಮೇಲಿದ್ದ ಹಳೆಯ ಕಂಪಾಸ್ ಪೆಟ್ಟಿಗೆ ತಂದೆ.

ಮಹಾನಂದಾ ಅಡುಗೆಮನೆಯಲ್ಲಿ ಶೇಂಗಾ ಉಂಡಿ ಕಟ್ಟುತ್ತಿದ್ದಳು. ನಾನು ಹೊಸ ಚೌಕಾಬಾರ ಕೆತ್ತತೊಡಗಿದೆ. ಅಳತೆಪಟ್ಟಿ ಇಟ್ಟು, ತ್ರಿಕೋನ ಪಟ್ಟಿ ಹಿಡಿದು ಗೆರೆ ಎಳೆದೆ. ಸಾಲಿಗೆ ಎಷ್ಟು ಮನೆ ಎಂಬ ಪ್ರಶ್ನೆ ಬಂತು. ಅದನ್ನು ಹೆಂಗಸರ ಆಟವೆಂದು ನಾನು ಯಾವತ್ತೂ ಎಣಿಸಿ ನೋಡಿದವನಲ್ಲ. ಆರು ಇರಬೇಕು, ಸಮಸಂಖ್ಯೆ ನೋಡಲು ಚಂದ ಎಂದು ಆರಾರು ಮಾಡಿದೆ.

"ಅದೇನ್ರೀ ಕುಟ್ಟಾಕತ್ತೀರಿ?" ಒಳಗಿನಿಂದ ಧ್ವನಿ ಬಂತು.

"ಕಲಿ! ಭಾಳ ಗಟ್ಟಿ ಕಲಿ!"

"ಹೌದೌದು, ಕುಟ್ರಿ, ಕುಟ್ರಿ" ಎಂದಳು. ಆಮೇಲೆ ಕೆಮ್ಮಿದ ಹಾಗೆ ಸದ್ದಾಯಿತು. ಶೇಂಗಾ ಸಿಪ್ಪೆ ಗಂಟಲಿಗೆ ಹೋಗಿರಬೇಕೆಂದುಕೊಂಡೆ.

ಪಂಚಮಿಯ ಬೆಳಗ್ಗೆ ಆ ಕಲ್ಲಿನ ಮೇಲೆ ನಮ್ಮೂರಿನ ದೊಡ್ಡ ಜಮಖಾನೆಯೊಂದನ್ನು ಹಾಸಿ, ಅದರ ಮೇಲೆ ನಾನೇ ಕುಳಿತೆ. (ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡನಂತೆ, ನಾನು ಇಡೀ ಮೈಯಿಂದ ಮುಚ್ಚಿಕೊಂಡಿದ್ದೆ.) ಮಹಾದೇವಕ್ಕ, ಅಮೃತಾ ಇಬ್ಬರೂ ಬಂದವರೇ ಒಳಗೂ ಹೋಗದೆ ನೇರ ಹಿತ್ತಲಿಗೆ ಬಂದರು.

"ಎದ್ದೇಳ್ರಿ ಮಾಸ್ತರ, ಅವ್ವನ ಕಲ್ಲ ನೋಡೂಣು" ಎಂದಳು ಮಹಾದೇವಕ್ಕ. ವಯಸ್ಸಿನಲ್ಲಿ ನನಗಿಂತ ಎರಡು ವರ್ಷ ದೊಡ್ಡವಳು, ಅವಳ ಮಾತೆಂದರೆ ಪೊಲೀಸ್ ಸಮನ್ಸಿದ್ದಂತೆ.

"ಮೊದಲ ಚಾ ಕುಡೀರಲ್ಲ, ಉಂಡಿ ತಿನ್ರಿ..."

"ಚಾ ಎಲ್ಲಿ ಓಡಿ ಹೋಗತೈತಿ? ಏಳ್ರಿ."

ಎದ್ದೆ. ಆಕೆ ಜಮಖಾನೆ ಸರಿಸಿದಳು. ಬೆಳ್ಳನೆಯ ಕಲ್ಲಿನ ಮೇಲೆ ರೇಖಾಗಣಿತದ ಪುಸ್ತಕದಿಂದ ಹರಿದು ತಂದಂತೆ ನೆಟ್ಟಗಿನ ಚೌಕಗಳು ಹೊಳೆಯುತ್ತಿದ್ದವು. ಅಮೃತಾ ಬಗ್ಗಿ ಬೆರಳಿಟ್ಟು ಎಣಿಸಿದಳು.

"ಒಂದ, ಎರಡ, ಮೂರ, ನಾಕ, ಐದ... ಆರು? ಮಾಮಾರ, ಚೌಕಾಬಾರಕ್ಕ ಸಾಲಿಗೆ ಐದ ಮನಿ. ನಡುವ ಒಂದ ಮನಿ ಬರಬೇಕು, ಕಾಯಿ ಹಣ್ಣಾಗೂದು ಅಲ್ಲೇ. ಇದರಾಗ ನಡುಮನಿನ ಇಲ್ಲಲ್ಲ! ಹಣ್ಣಾಗೂದು ಎಲ್ರೀ?"

ನನ್ನ ಬಾಯಿ ಮೂವತ್ತೊಂದು ವರ್ಷದ ಅಭ್ಯಾಸಬಲದಿಂದ ತಾನೇ ತೆರೆದುಕೊಂಡಿತು. "ಏನಾಗತೈತಿ ಅಂದ್ರ ಅಮೃತಾ, ಶಾಖಕ್ಕ ಘನವಸ್ತು ಹಿಗ್ಗತಾವ. ಈ ಸಲ ಬ್ಯಾಸಗಿ ಭಾಳ ಇತ್ತು..."

"ಹಿಗ್ಗಿ ಒಂದ ಸಾಲ ಹೆಚ್ಚಿಗಿ ಹಡೀತೇನ್ರಿ ಕಲ್ಲ?"

ಮಹಾದೇವಕ್ಕನ ಕಣ್ಣು ತುಂಬಿದ್ದವು. "ಮಾಸ್ತರ, ಅವ್ವನ ಗೀರು ಏನ ಮಾಡಿದ್ರಿ?" ಎಂದಳು, ಬಹಳ ಮೆಲ್ಲಗೆ.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಮೆಲುದನಿ ತಡೆಯಲಾಗಲಿಲ್ಲ. "ತಪ್ಪಾತು ಅಕ್ಕಾರ" ಎಂದೆ. "ಆ್ಯಸಿಡ್ ಹಾಕಿ ಕರಗಿಸಿಬಿಟ್ಟೆ. ಈ ಮನಿ ನಾ ಕೆತ್ತೀದ್ದು. ಮಹಾನಂದಾ ಬ್ಯಾಡ ಅಂದ್ಲು, ನಾ ಕೇಳಲಿಲ್ಲ." ಮಹಾನಂದಾಳ ಮುಖ ನೋಡುವ ಧೈರ್ಯವಾಗದೆ ಗಮ್‌ಬೂಟು ನೋಡುತ್ತ ನಿಂತೆ. (ಹೌದು, ಹಬ್ಬದ ದಿನವೂ ಗಮ್‌ಬೂಟು. ಚಪ್ಪಲಿಗೆ ಪ್ರಯೋಗದ ದಿನ ಆ್ಯಸಿಡ್ ತಾಕಿತ್ತು.)

ಆಮೇಲೆ ಮಹಾನಂದಾ ನಿಟ್ಟುಸಿರು ಬಿಟ್ಟು, "ಇಷ್ಟ ಸಾಕು. ನಾಕ ದಿನದಿಂದ ಈ ಮಾತಿಗೇ ಕಾಯಾಕತ್ತಿದ್ದೆ" ಎಂದು ಮನೆಯತ್ತ ತಿರುಗಿ ಕೂಗಿದಳು: "ಮಾಂತೇಶಾ! ಹೊರಗ ತಾರೋ!"

ಮಾಂತೇಶ ಮತ್ತು ಅವನ ತಮ್ಮ ಬೀರೇಶ, ಇಬ್ಬರೂ ಒಂದು ಕಲ್ಲನ್ನು ಹೊತ್ತುಕೊಂಡು ದೇವರಮನೆಯಿಂದ ಹೊರಬಂದು ಜಮಖಾನೆಯ ಮೇಲೆ ಇಳಿಸಿದರು. ಕಪ್ಪಗೆ ಎಣ್ಣೆ ಸವರಿದಂತಿತ್ತು. ಅದರ ಮೇಲೆ ಸೊಟ್ಟಸೊಟ್ಟಗೆ, ಒಂದು ಮನೆ ದೊಡ್ಡದು ಒಂದು ಮನೆ ಸಣ್ಣದಾಗಿ, ಅವ್ವನ ಚೌಕಾಬಾರ. ಅಕ್ಕತಂಗಿಯರಿಬ್ಬರೂ "ಯವ್ವಾ!" ಎಂದು ಕುಳಿತೇಬಿಟ್ಟರು.

"ಇದು... ಇದು ಒಳಗ ಹೆಂಗ ಹೋತು?" ಎಂದೆ.

"ನೀವು ಹುಬ್ಬಳ್ಳಿಗೆ ಹ್ವಾದ ದಿನ" ಎಂದಳು ಮಹಾನಂದಾ. "ನೀವು ಪ್ರಯೋಗ ಅಂದಿರಂದ್ರ ನಾ ಬ್ಯಾಡ ಅಂದಷ್ಟೂ ನಿಮ್ಮ ಬಾಟ್ಲಿ ಹೆಚ್ಚಿಗಿ ಆಗ್ತಾವು. ಅದಕ್ಕ ಸುಮ್ಮನಾದೆ. ಮಾಂತೇಶನ ಕರಿಸಿ ಈ ಕಲ್ಲ ಎಬ್ಬಿಸಿ, ಬಟ್ಟಿ ಒಗಿಯೂ ನಳದ ಕೆಳಗಿನ ಕಲ್ಲ ಇಲ್ಲಿ ಕೂಡಿಸಿದೆ. ಅದೂ ಇದ ಬೋರಿನ ನೀರಾಗ ಬೆಳ್ಳಗಾಗಿತ್ತು, ನಿಮಗ ಗೊತ್ತಾಗೂದಿಲ್ಲ ಅನ್ನೂದು ನನಗ ಗೊತ್ತಿತ್ತು. ಉಳಿದದ್ದು ನಿಮ್ಮ ಹೊಂಡ, ನಿಮ್ಮ ಫರ್ಸಿ, ಏನರ ಮಾಡಿಕೊಳ್ರಿ ಅಂತ ಬಿಟ್ಟೆ."

ಅಂದರೆ ನಾನು ಅರಳೆಯಿಂದ ಶಿಶುವಿನಂತೆ ಸೇವೆ ಮಾಡಿದ್ದು ಬಟ್ಟೆ ಒಗೆಯುವ ಕಲ್ಲಿಗೆ!

"ಮತ್ತ ಈ ಕಲ್ಲಿನ ಪದರು ಹೆಂಗ ಹೋತು?"

ಮಾಂತೇಶ ಮುಂದೆ ಬಂದ. "ಸರ್ರ, ಚೂಪ ಉಳಿ ಅಡ್ಡ ಹಿಡದು ಮೆಲ್ಲಕ ಎಬ್ಬಿಸಿದೆ. ಆಮ್ಯಾಲ ನಮ್ಮ ಮನಿಗೆ ಒಯ್ದು ಪಾಲಿಶ್ ಕಲ್ಲ ಹಾಕಿ ಎರಡ ದಿನ ತಿಕ್ಕೀನ್ರಿ. ಫರ್ಸಿಗೆ ಆ್ಯಸಿಡ್ ಹಾಕಬಾರದ್ರಿ. ಫರ್ಸಿನೂ ಸುಣ್ಣಕಲ್ಲ ಅಲ್ರಿ? ಪದರಿನ ಜೋಡಿ ಕಲ್ಲೂ ಕರಗತೈತಿ."

"ನಿನಗ ಯಾರ ಹೇಳಿದ್ರೋ ಇದನ್ನ?"

"ನೀವರಿ!" ಅವನು ಕಣ್ಣರಳಿಸಿದ. "ಲ್ಯಾಬಿನಾಗ ಆ ಪಾಠ ಬಂದಾಗ 'ಮಾಂತ್ಯಾ, ಸುಣ್ಣಕಲ್ಲಿನ ಚೂರ ತಾ' ಅಂತ ಪ್ರತಿ ಸಲ ನನ್ನ ಕಳಸ್ತಿದ್ರಿ. ಸಾಲಿ ಹಿಂದ ಒಡದ ಬಿದ್ದ ಶಹಾಬಾದಿ ಫರ್ಸಿ ಚೂರ ತಂದ ಕೊಡ್ತಿದ್ದೆ. ನೀವು ಆ್ಯಸಿಡ್ ಹಾಕಿ ಬುಸ್ ಅನಿಸಿ ತೋರಸ್ತಿದ್ರಿ. ಸುಣ್ಣದ ತಿಳಿನೀರು ಹಾಲಿನಂತೆ ಬೆಳ್ಳಗಾಗುತ್ತದೆ!" ಎಂದು ಕೊನೆಯ ವಾಕ್ಯವನ್ನು ಪುಸ್ತಕದ ಕನ್ನಡದಲ್ಲಿ, ಕೈಕಟ್ಟಿ ನಿಂತು, ಒಂದಕ್ಷರ ತಪ್ಪದೆ ಒಪ್ಪಿಸಿದ. ಪರೀಕ್ಷೆಯಲ್ಲಿ ನಾಲ್ಕು ಸಲವೂ ಬರೆಯದ ಉತ್ತರ ಅದು.

ನಾನು ಅವನಿಗೆ ಕೂರಲು ಹೇಳಿದೆ. ಅವನು ನಿಂತೇ ಇದ್ದ, ನಾನೇ ಕುಳಿತೆ.

ಸ್ವಲ್ಪ ಹೊತ್ತಿನಲ್ಲಿ ಅಕ್ಕತಂಗಿಯರು ಮೂವರೂ ಹುಣಸೆಬೀಜ, ಬಳೆಚೂರು ಆರಿಸಿ ಕಾಯಿ ಹೂಡಿದರು. ಚೌಕಾಬಾರಕ್ಕೆ ನಾಲ್ಕನೆಯವರು ಬೇಕೆಂದು ನನ್ನನ್ನೂ ಕರೆದರು, ಬಹುಶಃ ಕನಿಕರದಿಂದ. ಮಾಂತೇಶ ಹೊರಡಲು ತಿರುಗಿದವನು, "ಅಕ್ಕಾರ, ಈ ಆರ ಮನಿ ಕಲ್ಲ ಕಿತ್ತ ಒಯ್ಯಲೇನ್ರಿ?" ಎಂದು ನನ್ನ ಕೆತ್ತನೆಯನ್ನು ತೋರಿಸಿದ.

"ಬ್ಯಾಡೋ, ಇರಲಿ" ಎಂದಳು ಮಹಾನಂದಾ, ಕವಡೆಗಳನ್ನು ಅಂಗೈಯಲ್ಲಿ ಕುಲುಕುತ್ತ. "ಇದು ನನ್ನ ತವರಮನಿ ಕಲ್ಲ, ಅದು ಗಂಡನ ಮನಿ ಕಲ್ಲ. ಹಣ್ಣಾಗೂ ಮನಿ ಇಲ್ಲ ಅಂದ್ರೂ ಅದರ ಮ್ಯಾಲ ಮೂವತ್ನಾಕ ವರ್ಷ ಆಡೇನಿ."

ಅಕ್ಕತಂಗಿಯರು ಬಿದ್ದು ಬಿದ್ದು ನಕ್ಕರು. ಬೇಲಿಯಾಚೆಯಿಂದ ಜುಲೇಖಾಬಿಯೂ ನಕ್ಕಳು. ನನ್ನ ಪಾಳಿ ಬಂದಾಗ ಕವಡೆ ಹಾಕಿದೆ. ಒಂದೇ ಬಿತ್ತು, ಆ ಆಟದಲ್ಲಿ ಅದಕ್ಕಿಂತ ಕಡಿಮೆ ಬೀಳುವುದೇ ಇಲ್ಲ.